ವಿಂಡೋ ಮುಚ್ಚಿತು, ಪ್ರೋಗ್ರಾಂ ನಿಂತಿತಾ? ವೈನ್‌ನಲ್ಲಿ ಪ್ರೊಸೆಸ್‌ಗಳನ್ನು ನೋಡಿಕೊಳ್ಳೋದು ಹೇಗೆ

ನಮ್ಮಲ್ಲಿ ಎಷ್ಟೋ ಜನರ ಲ್ಯಾಪ್‌ಟಾಪ್‌ನಲ್ಲಿ ಈಗ ಲಿನಕ್ಸ್ ಇದೆ. ಕೆಲವರು ಇಷ್ಟಪಟ್ಟು ಹಾಕಿಕೊಂಡಿದ್ದಾರೆ, ಇನ್ನು ಕೆಲವರು ಹಳೇ ಲ್ಯಾಪ್‌ಟಾಪ್ ಸ್ವಲ್ಪ ಚುರುಕಾಗಲಿ ಅಂತ. ಆದರೆ ನಮಗೆ ಬೇಕಾದ ಸಾಫ್ಟ್‌ವೇರ್‌ಗಳಲ್ಲಿ ಕೆಲವು ವಿಂಡೋಸ್‌ಗೆ ಮಾತ್ರ ಸಿಗುತ್ತವೆ. ಆಗ ನೆನಪಾಗೋದು ವೈನ್. ಕುಡಿಯೋದಲ್ಲ, ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ಓಡಿಸೋ ವೈನ್.

ವೈನ್ ಬಳಸುವವರಿಗೆ ಒಂದು ತೊಂದರೆ ಚೆನ್ನಾಗಿ ಗೊತ್ತಿರುತ್ತೆ. ಪ್ರೋಗ್ರಾಂನ ವಿಂಡೋ ಮುಚ್ಚಿದ್ದೀವಿ, ಆದರೆ ಫ್ಯಾನ್ ಇನ್ನೂ ಜೋರಾಗಿ ತಿರುಗ್ತಾ ಇದೆ. ಮತ್ತೆ ತೆರೆಯಲು ಹೋದರೆ ಏನೂ ಆಗಲ್ಲ, ಎರರ್ ಕೂಡ ಬರಲ್ಲ. ಇಲ್ಲವೇ "ಈ ಕಡತವನ್ನು ಬೇರೆ ಪ್ರೋಗ್ರಾಂ ಬಳಸುತ್ತಿದೆ" ಅನ್ನುತ್ತೆ. ಆಗ ಸಾಮಾನ್ಯವಾಗಿ ಕೈ ಹೋಗೋದು ಕಿಲ್ -9 ಕಡೆಗೆ, ಅಥವಾ ನೇರವಾಗಿ ರೀಸ್ಟಾರ್ಟ್ ಬಟನ್‌ಗೆ. ಎರಡರಲ್ಲೂ ಸೇವ್ ಆಗದ ಕೆಲಸ ಹೋಗುತ್ತೆ. ಸಬ್‌ಮಿಷನ್ ಹಿಂದಿನ ರಾತ್ರಿ ಹೋದರೆ ಅದು ಸಣ್ಣ ವಿಷಯವೂ ಅಲ್ಲ.

ಈ ಪಾಠದಲ್ಲಿ ನಾವು ಹೇಳೋದು ಒಂದೇ ಮಾತು. ವೈನ್‌ನಲ್ಲಿ ಪ್ರತಿ ಪ್ರೋಗ್ರಾಂ ಒಂಟಿ ಅಲ್ಲ, ಅದು ಒಂದು ಗುಂಪಿನ ಸದಸ್ಯ. ಆ ಗುಂಪನ್ನು ಗುರುತಿಸಿದರೆ ಯಾವುದನ್ನು, ಎಷ್ಟು ಮೆತ್ತಗೆ, ಎಷ್ಟು ಜೋರಾಗಿ ನಿಲ್ಲಿಸಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ಒಂದು ಸೂಚನೆ: ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ವೈನ್‌ಪ್ರಿಫಿಕ್ಸ್ ಅನ್ನೋ ವೇರಿಯಬಲ್ ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿರಬೇಕು.

ವೈನ್ ಏನು ಮಾಡುತ್ತೆ?

ವೈನ್ ಯೋಜನೆ ಶುರುವಾಗಿದ್ದು 1993ರಲ್ಲಿ. 1994ರಿಂದ ಅದನ್ನು ಮುನ್ನಡೆಸುತ್ತಿರುವವರು ಅಲೆಕ್ಸಾಂಡರ್ ಜೂಲಿಯಾರ್. 1.0 ಆವೃತ್ತಿ ಬಂದಿದ್ದು 2008ರ ಜೂನ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ಕೆಲಸದ ನಂತರ! 2018ರಲ್ಲಿ ವಾಲ್ವ್ ಕಂಪನಿ ಸ್ಟೀಮ್ ಆಟಗಳಿಗಾಗಿ ತಂದ ಪ್ರೋಟಾನ್ ಕೂಡ ವೈನ್ ಮೇಲೆಯೇ ನಿಂತಿದೆ.

ಇದು ವರ್ಚುವಲ್ ಮೆಷಿನ್ ಅಲ್ಲ, ಎಮ್ಯುಲೇಟರ್ ಕೂಡ ಅಲ್ಲ. ಪ್ರೋಗ್ರಾಂನಲ್ಲಿರುವ ಮೆಷಿನ್ ಕೋಡ್ ನಮ್ಮ ಸಿಪಿಯು ಮೇಲೆ ನೇರವಾಗಿ ಓಡುತ್ತೆ. ವೈನ್ ಮಾಡೋದು ಇಷ್ಟು: ಇಎಕ್ಸ್‌ಇ ಕಡತವನ್ನು ಮೆಮೊರಿಗೆ ಹಾಕುತ್ತೆ, ಅದು ಕೇಳುವ ವಿಂಡೋಸ್ ಫಂಕ್ಷನ್‌ಗಳನ್ನು ತಾನೇ ಬರೆದು ಕೊಡುತ್ತೆ. ಪ್ರೋಗ್ರಾಂ "ಕಡತ ತೆರೆ" ಅಂತ ವಿಂಡೋಸ್ ಭಾಷೆಯಲ್ಲಿ ಕೇಳಿದರೆ ವೈನ್ ಅದನ್ನು ಲಿನಕ್ಸ್ ಭಾಷೆಗೆ ತಿರುಗಿಸಿ ಕೆಲಸ ಮಾಡಿಸುತ್ತೆ.

ಇದರಿಂದ ನಮಗೆ ಒಂದು ಅನುಕೂಲ ಇದೆ. ವೈನ್‌ನಲ್ಲಿ ಓಡುವ ಪ್ರತಿ ವಿಂಡೋಸ್ ಪ್ರೊಸೆಸ್ ನಿಜವಾಗಿಯೂ ಒಂದು ಲಿನಕ್ಸ್ ಪ್ರೊಸೆಸ್. ಅದರ ಪ್ರತಿ ಥ್ರೆಡ್ಡೂ ಒಂದು ಲಿನಕ್ಸ್ ಥ್ರೆಡ್. ಹಾಗಾಗಿ ಪಿಎಸ್, ಟಾಪ್, ಕಿಲ್ ಎಲ್ಲ ಇದರ ಮೇಲೂ ಕೆಲಸ ಮಾಡುತ್ತವೆ. ಆದರೆ ಅಷ್ಟು ಸಾಲದು. ಯಾಕೆ ಸಾಲದು ಅಂತ ತಿಳಿಯಬೇಕಾದರೆ ವೈನ್‌ಸರ್ವರ್ ಪರಿಚಯ ಆಗಬೇಕು.

ಹಾಸ್ಟೆಲ್ಲಿನ ವಾರ್ಡನ್: ವೈನ್‌ಸರ್ವರ್

ವಿಂಡೋಸ್‌ನಲ್ಲಿ ಕರ್ನಲ್ ನೋಡಿಕೊಳ್ಳುವ ಕೆಲವು ಕೆಲಸಗಳನ್ನು ಲಿನಕ್ಸ್ ಕರ್ನಲ್ ಅದೇ ರೀತಿ ಮಾಡೋದಿಲ್ಲ. ಒಂದು ಪ್ರೊಸೆಸ್ ಇನ್ನೊಂದಕ್ಕೆ ವಿಂಡೋ ಮೆಸೇಜ್ ಕಳಿಸೋದು, ಹೆಸರಿಟ್ಟ ಮ್ಯೂಟೆಕ್ಸ್ ಹಂಚಿಕೊಳ್ಳೋದು, ಹ್ಯಾಂಡಲ್‌ಗಳ ಲೆಕ್ಕ, ರಿಜಿಸ್ಟ್ರಿ, ಹೀಗೆ. ಇವನ್ನೆಲ್ಲ ನೋಡಿಕೊಳ್ಳೋಕೆ ವೈನ್ ಒಂದು ಪ್ರತ್ಯೇಕ ಪ್ರೊಸೆಸ್ ಓಡಿಸುತ್ತೆ. ಅದೇ ವೈನ್‌ಸರ್ವರ್.

ಇದನ್ನು ಹಾಸ್ಟೆಲ್ ವಾರ್ಡನ್ ಅಂದುಕೊಳ್ಳಿ. ವಾರ್ಡನ್ ಕೈಯಲ್ಲಿ ಒಂದು ರಿಜಿಸ್ಟರ್ ಇರುತ್ತೆ. ಯಾರು ಒಳಗಿದ್ದಾರೆ, ಯಾವ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ, ಎಲ್ಲ ಅದರಲ್ಲಿ. ಹಾಸ್ಟೆಲ್ ಕಟ್ಟಡಕ್ಕೆ ವೈನ್‌ನಲ್ಲಿ ಪ್ರಿಫಿಕ್ಸ್ ಅನ್ನುತ್ತಾರೆ. ಅದು ನಮ್ಮ ಹೋಮ್ ಫೋಲ್ಡರಿನಲ್ಲಿರುವ ಒಂದು ಫೋಲ್ಡರ್. ಬೇರೆ ಹೇಳದಿದ್ದರೆ ಅದರ ಹೆಸರು .ವೈನ್. ಅದರೊಳಗೆ ಒಂದು ಸುಳ್ಳು ಸಿ ಡ್ರೈವ್ ಇರುತ್ತೆ, ರಿಜಿಸ್ಟ್ರಿ ಕಡತಗಳು ಇರುತ್ತವೆ.

ಒಂದು ಪ್ರಿಫಿಕ್ಸ್‌ಗೆ ಒಬ್ಬನೇ ವಾರ್ಡನ್. ಎರಡು ಪ್ರಿಫಿಕ್ಸ್ ಇದ್ದರೆ ಇಬ್ಬರು, ಒಬ್ಬರ ರಿಜಿಸ್ಟರ್ ಇನ್ನೊಬ್ಬರಿಗೆ ಕಾಣಲ್ಲ. ಕೊನೆಯ ಪ್ರೋಗ್ರಾಂ ಹೊರಟ ಮೇಲೆ ವಾರ್ಡನ್ 3 ಸೆಕೆಂಡ್ ಕಾದು ತಾನೂ ಹೊರಡುತ್ತಾನೆ. ಬೇಗ ಬೇಗ ಪ್ರೋಗ್ರಾಂ ತೆರೆದು ಮುಚ್ಚುವಾಗ ಪ್ರತಿ ಸಲ ಹೊಸದಾಗಿ ಶುರುಮಾಡೋ ಖರ್ಚು ಉಳಿಯಲಿ ಅಂತ ಈ ಕಾಯುವಿಕೆ.

ಈಗ ಮೊದಲು ಹೇಳಿದ ತೊಂದರೆಗಳನ್ನು ನೋಡಿ. ಒಂದು ಸಲಕ್ಕೆ ಒಂದೇ ಕಾಪಿ ಓಡಬೇಕು ಅನ್ನುವ ವಿಂಡೋಸ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಹೆಸರಿಟ್ಟ ಮ್ಯೂಟೆಕ್ಸ್ ಒಂದನ್ನು ಮಾಡಿಕೊಳ್ಳುತ್ತವೆ. ವಿಂಡೋ ಹೋದರೂ ಪ್ರೊಸೆಸ್ ಉಳಿದಿದ್ದರೆ ಆ ಮ್ಯೂಟೆಕ್ಸ್ ವೈನ್‌ಸರ್ವರ್‌ನ ಪಟ್ಟಿಯಲ್ಲಿ ಹಾಗೇ ಇರುತ್ತೆ. ಹೊಸ ಕಾಪಿ ಬಂದು ನೋಡುತ್ತೆ, "ಓ, ಆಗಲೇ ಒಬ್ಬರು ಇದ್ದಾರೆ" ಅಂತ ಸದ್ದಿಲ್ಲದೆ ವಾಪಸ್ ಹೋಗುತ್ತೆ. ಕಡತದ ಕಥೆಯೂ ಅಷ್ಟೇ. ಒಂದು ಪ್ರೋಗ್ರಾಂ ತೆರೆದ ಕಡತವನ್ನು ಇನ್ನೊಂದು ಮುಟ್ಟಬಾರದು ಅನ್ನೋ ವಿಂಡೋಸ್ ನಿಯಮವನ್ನು ಜಾರಿ ಮಾಡೋದು ವೈನ್‌ಸರ್ವರ್. ಅಡಗಿ ಕೂತ ಪ್ರೊಸೆಸ್ ಕಡತ ಹಿಡಿದುಕೊಂಡಿದ್ದರೆ ಅದೇ ಪ್ರಿಫಿಕ್ಸ್‌ನ ಇನ್ನೊಂದಕ್ಕೆ ಸಿಗಲ್ಲ.

ಪ್ರಯೋಗ 1: ಯಾರ್ಯಾರು ಒಳಗಿದ್ದಾರೆ?

ವೈನ್ ಜೊತೆಗೆ ಅದರದೇ ನೋಟ್‌ಪ್ಯಾಡ್ ಬರುತ್ತೆ. ಟರ್ಮಿನಲ್ ತೆರೆದು ಹೀಗೆ ಮಾಡಿ:

ವೈನ್ ನೋಟ್‌ಪ್ಯಾಡ್ &

ಈಗ ಲಿನಕ್ಸ್ ಕಡೆಯಿಂದ ನೋಡಿ:

ಪಿಗ್ರೆಪ್ -ಎ -ಎಫ್ ಇಎಕ್ಸ್‌ಇ

ನಾವು ತೆರೆದಿದ್ದು ಒಂದೇ ಪ್ರೋಗ್ರಾಂ, ಆದರೆ ಪಟ್ಟಿಯಲ್ಲಿ ಸರ್ವಿಸಸ್.ಇಎಕ್ಸ್‌ಇ, ವೈನ್‌ಡಿವೈಸ್.ಇಎಕ್ಸ್‌ಇ, ಎಕ್ಸ್‌ಪ್ಲೋರರ್.ಇಎಕ್ಸ್‌ಇ ಅಂತ ಇನ್ನೂ ಕೆಲವು ಕಾಣುತ್ತವೆ. ಗಾಬರಿ ಬೇಡ, ವೈರಸ್ ಅಲ್ಲ. ವಿಂಡೋಸ್‌ನಲ್ಲಿ ಹಿನ್ನೆಲೆಯಲ್ಲಿ ಇರಬೇಕಾದ ಸೇವೆಗಳನ್ನು ವೈನ್ ಹೀಗೆ ಓಡಿಸುತ್ತೆ. ನಮ್ಮ ಪ್ರೋಗ್ರಾಂ ಹೋದ ಮೇಲೆ ಇವೂ ಹೋಗುತ್ತವೆ. ಇವನ್ನೇ ಒಂದೊಂದಾಗಿ ಹುಡುಕಿ ಕೊಲ್ಲೋ ಅಗತ್ಯ ಇಲ್ಲ.

ಈಗ ವೈನ್ ಕಡೆಯಿಂದ ನೋಡಿ:

ವೈನ್‌ಡಿಬಿಜಿ --ಕಮಾಂಡ್ "ಇನ್ಫೋ ಪ್ರಾಕ್"

ಇದು ವಾರ್ಡನ್‌ನ ರಿಜಿಸ್ಟರ್. ಯಾವ ಪ್ರೊಸೆಸ್ ಯಾವುದನ್ನು ಶುರುಮಾಡಿತು ಅನ್ನೋದೂ ಇದರಲ್ಲಿ ಕಾಣುತ್ತೆ. ಕಮಾಂಡ್ ಇಷ್ಟ ಇಲ್ಲದವರಿಗೆ "ವೈನ್ ಟಾಸ್ಕ್‌ಮ್ಯಾನೇಜರ್" ಇದೆ. ಟೈಪ್ ಮಾಡುವಾಗ ವಿಂಡೋಸ್‌ನ ಹಾಗೇ ಟಾಸ್ಕ್‌ಎಂಜಿಆರ್ ಅಂತ ಚಿಕ್ಕದಾಗಿ ಕೊಡಬೇಕು.

ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಎರಡು ವಿಷಯ ಕಣ್ಣಿಗೆ ಬೀಳುತ್ತೆ.

ಮೊದಲನೆಯದು, ಪಿಐಡಿ ಬೇರೆ ಬೇರೆ. ಒಂದೇ ನೋಟ್‌ಪ್ಯಾಡ್‌ಗೆ ಲಿನಕ್ಸ್ ಕೊಟ್ಟ ನಂಬರ್ ಒಂದು, ವೈನ್‌ಸರ್ವರ್ ಕೊಟ್ಟ ನಂಬರ್ ಇನ್ನೊಂದು. ಯುಎಸ್‌ಎನ್ ಬೇರೆ, ಹಾಸ್ಟೆಲ್ ರೂಮ್ ನಂಬರ್ ಬೇರೆ ಇದ್ದ ಹಾಗೆ. ಅದರ ಮೇಲೆ ವೈನ್‌ಡಿಬಿಜಿ ತೋರಿಸೋದು ಹೆಕ್ಸಾಡೆಸಿಮಲ್‌ನಲ್ಲಿ. ಆ ನಂಬರನ್ನು ಲಿನಕ್ಸ್‌ನ ಕಿಲ್‌ಗೆ ಕೊಡಲೇಬೇಡಿ. ಅದೇ ನಂಬರಿನ ಲಿನಕ್ಸ್ ಪ್ರೊಸೆಸ್ ಯಾವುದೋ ಬೇರೆಯೇ ಇರಬಹುದು.

ಎರಡನೆಯದು, ಲಿನಕ್ಸ್ ಕಡೆ ಮರ ಕಾಣಲ್ಲ. ಪಿಎಸ್‌ಟ್ರೀ ಹಾಕಿ ನೋಡಿದರೆ ಸರ್ವಿಸಸ್.ಇಎಕ್ಸ್‌ಇ ನಮ್ಮ ನೋಟ್‌ಪ್ಯಾಡಿನ ಮಗು ಅಂತ ತೋರಿಸೋದಿಲ್ಲ. ವೈನ್ ಹೊಸ ಪ್ರೊಸೆಸ್ ಹುಟ್ಟಿಸುವಾಗ ಎರಡು ಸಲ ಫೋರ್ಕ್ ಮಾಡುತ್ತೆ. ಮಧ್ಯದ ಪ್ರೊಸೆಸ್ ಕೂಡಲೇ ಮುಗಿಯುತ್ತೆ, ಮೊಮ್ಮಗು ಅನಾಥವಾಗಿ ಇನಿಟ್ ಅಥವಾ ಸಿಸ್ಟಮ್‌ಡಿಯ ಮಡಿಲಿಗೆ ಬೀಳುತ್ತೆ. ಆಪರೇಟಿಂಗ್ ಸಿಸ್ಟಮ್ ಕ್ಲಾಸಿನಲ್ಲಿ "ಆರ್ಫನ್ ಪ್ರೊಸೆಸ್" ಅಂತ ಎರಡು ಮಾರ್ಕ್ಸ್‌ಗೆ ಓದುತ್ತೀವಲ್ಲ, ಅದರ ಜೀವಂತ ಉದಾಹರಣೆ ಇದು. ಇದರಿಂದಾಗಿ "ಅಪ್ಪನನ್ನು ಹಿಡಿದರೆ ಮಕ್ಕಳೆಲ್ಲ ಸಿಗುತ್ತಾರೆ" ಅನ್ನೋ ಉಪಾಯ ಇಲ್ಲಿ ನಡೆಯಲ್ಲ.

ಪ್ರಯೋಗ 2: ವಾರ್ಡನ್ ನಿದ್ದೆ ಮಾಡಿದರೆ?

ನೋಟ್‌ಪ್ಯಾಡ್ ತೆರೆದಿರುವಾಗಲೇ ಇದನ್ನು ಹಾಕಿ:

ಪಿಕಿಲ್ -ಸ್ಟಾಪ್ ವೈನ್‌ಸರ್ವರ್

ಸ್ಟಾಪ್ ಸಿಗ್ನಲ್ಲಿನ ಹೆಸರಾದ್ದರಿಂದ ಅದನ್ನು ದೊಡ್ಡಕ್ಷರದಲ್ಲಿ ಬರೆಯೋದು ರೂಢಿ. ಈಗ ನೋಟ್‌ಪ್ಯಾಡಿನ ಮೆನು ಒತ್ತಿ ನೋಡಿ, ಹೆಪ್ಪುಗಟ್ಟಿದ ಹಾಗೆ ನಿಂತಿರುತ್ತೆ. ನೋಟ್‌ಪ್ಯಾಡನ್ನು ನಾವು ಮುಟ್ಟೇ ಇಲ್ಲ! ಸ್ಟಾಪ್ ಬದಲು ಕಾಂಟ್ ಅಂತ ಕೊಟ್ಟು ಅದೇ ಕಮಾಂಡ್ ಮತ್ತೆ ಹಾಕಿ. ವಾರ್ಡನ್ ಎದ್ದ, ನೋಟ್‌ಪ್ಯಾಡೂ ಎದ್ದಿತು.

ಅಂದರೆ ವೈನ್‌ನಲ್ಲಿ ಒಂದು ಪ್ರೋಗ್ರಾಂ ಸಿಕ್ಕಿಹಾಕಿಕೊಂಡ ಹಾಗೆ ಕಂಡರೆ ತೊಂದರೆ ಅದರದ್ದೇ ಆಗಿರಬೇಕಿಲ್ಲ. ಅದು ಸರ್ವರ್‌ನ ಉತ್ತರಕ್ಕೆ ಕಾಯುತ್ತಿರಬಹುದು. ಹೀಗೆ ಪದೇ ಪದೇ ಸರ್ವರ್‌ವರೆಗೆ ಹೋಗಿ ಬರುವ ಖರ್ಚು ಆಟಗಳಿಗೆ ಭಾರ ಆಗುತ್ತೆ. ಅದನ್ನು ಕಡಿಮೆ ಮಾಡಲು ಲಿನಕ್ಸ್ ಕರ್ನಲ್ 6.14ರಲ್ಲಿ ಎನ್‌ಟಿಸಿಂಕ್ ಅನ್ನೋ ಡ್ರೈವರ್ ಸೇರಿಸಿದ್ದಾರೆ. ವಿಂಡೋಸ್ ಶೈಲಿಯ ಸೆಮಾಫೋರ್, ಮ್ಯೂಟೆಕ್ಸ್, ಈವೆಂಟ್‌ಗಳನ್ನು ಅದು ಕರ್ನಲ್ ಒಳಗೇ ನೋಡಿಕೊಳ್ಳುತ್ತೆ.

ನಿಲ್ಲಿಸೋದು: ಐದು ಮೆಟ್ಟಿಲು

ಯಾವಾಗಲೂ ಮೊದಲ ಮೆಟ್ಟಿಲಿನಿಂದ ಶುರುಮಾಡಿ. ಒಂದು ಕೆಲಸ ಮಾಡದಿದ್ದರೆ ಮಾತ್ರ ಮುಂದಿನದು.

1. ವೈನ್ ಟಾಸ್ಕ್‌ಕಿಲ್ /ಐಎಂ ನೋಟ್‌ಪ್ಯಾಡ್.ಇಎಕ್ಸ್‌ಇ

ಇದು ವಿನಂತಿ. ಆ ಪ್ರೋಗ್ರಾಂನ ವಿಂಡೋಗಳಿಗೆ ಡಬ್ಲ್ಯುಎಂ_ಕ್ಲೋಸ್ ಅನ್ನೋ ಮೆಸೇಜ್ ಹೋಗುತ್ತೆ, ನಾವು ಮೇಲಿನ ಇಂಟು ಗುರುತು ಒತ್ತಿದ ಹಾಗೇನೇ. ನೋಟ್‌ಪ್ಯಾಡ್‌ನಲ್ಲಿ ಏನಾದರೂ ಟೈಪ್ ಮಾಡಿ ಇದನ್ನು ಹಾಕಿದರೆ "ಸೇವ್ ಮಾಡಲಾ?" ಅಂತ ಕೇಳುತ್ತೆ. ಕೆಲಸ ಉಳಿಯುವ ಅವಕಾಶ ಇರೋದು ಇಲ್ಲಿ.

2. ಅದೇ ಕಮಾಂಡ್, ಕೊನೆಗೆ /ಎಫ್

ಇದು ವಿನಂತಿ ಅಲ್ಲ, ಆಜ್ಞೆ. ಪ್ರೋಗ್ರಾಂ ಮುಗಿಯುತ್ತೆ, ಸೇವ್ ಕೇಳಲ್ಲ. ಆದರೆ ಆ ಒಂದು ಪ್ರೋಗ್ರಾಂ ಮಾತ್ರ, ಪ್ರಿಫಿಕ್ಸ್‌ನಲ್ಲಿರುವ ಉಳಿದವು ಸುರಕ್ಷಿತ.

3. ವೈನ್‌ಬೂಟ್ -ಇ

ಪ್ರಿಫಿಕ್ಸ್‌ನಲ್ಲಿರುವ ಎಲ್ಲ ಪ್ರೋಗ್ರಾಂಗಳಿಗೂ "ಸೆಷನ್ ಮುಗೀತಿದೆ" ಅಂತ ಸೂಚನೆ ಕೊಡುತ್ತೆ, ವಿಂಡೋಸ್ ಶಟ್‌ಡೌನ್ ಮಾಡುವಾಗ ಆಗುವ ಹಾಗೆ. ಎಲ್ಲವನ್ನೂ ಮರ್ಯಾದೆಯಿಂದ ಮುಚ್ಚಲು ಇದು ಸರಿ.

4. ವೈನ್‌ಸರ್ವರ್ -ಕೆ

ವಾರ್ಡನ್‌ನನ್ನೇ ಮನೆಗೆ ಕಳಿಸೋದು. ಸರ್ವರ್‌ಗೆ ಮೊದಲು ಸಿಗ್‌ಇಂಟ್ ಹೋಗುತ್ತೆ, ಅದಕ್ಕೂ ನಿಲ್ಲದಿದ್ದರೆ ಸಿಗ್‌ಕಿಲ್. ಸರ್ವರ್ ಹೋದರೆ ಅದನ್ನು ನಂಬಿಕೊಂಡಿದ್ದ ಎಲ್ಲ ಪ್ರೊಸೆಸ್‌ಗಳೂ ಹೋಗುತ್ತವೆ. ಅಡಗಿ ಕೂತವೂ ಉಳಿಯಲ್ಲ. ಆದರೆ ಯಾವ ಪ್ರೋಗ್ರಾಂಗೂ ಸೇವ್ ಮಾಡಿಕೊಳ್ಳುವ ಸಮಯ ಸಿಗಲ್ಲ.

5. ಕಿಲ್ -9

ಇದು ಕೊನೆಯದು. ಲಿನಕ್ಸ್ ಪಿಐಡಿ ಕೊಟ್ಟು ಒಂದು ಪ್ರೊಸೆಸ್ಸನ್ನು ಕರ್ನಲ್ ಕೈಯಿಂದಲೇ ಮುಗಿಸೋದು. ಅದು ಸತ್ತ ಕೂಡಲೇ ಸರ್ವರ್ ಜೊತೆಗಿನ ಅದರ ಸಾಕೆಟ್ ಮುಚ್ಚುತ್ತೆ, ಸರ್ವರ್‌ಗೆ ಗೊತ್ತಾಗಿ ಅದರ ಹ್ಯಾಂಡಲ್‌ಗಳನ್ನು ರಿಜಿಸ್ಟರ್‌ನಿಂದ ತೆಗೆಯುತ್ತೆ. ಆದರೆ ವೈನ್‌ಸರ್ವರ್‌ಗೇ ಕಿಲ್ -9 ಹಾಕಬೇಡಿ. ರಿಜಿಸ್ಟ್ರಿ ಇರೋದು ಸರ್ವರ್‌ನ ಮೆಮೊರಿಯಲ್ಲಿ. ಅದು ಆಗಾಗ ಸಿಸ್ಟಮ್.ರೆಗ್, ಯೂಸರ್.ರೆಗ್ ಕಡತಗಳಿಗೆ ಬರೆಯುತ್ತಾ ಇರುತ್ತೆ. ಸಿಗ್‌ಇಂಟ್ ಬಂದರೆ ಬರೆದೇ ಹೋಗುತ್ತೆ, ಸಿಗ್‌ಕಿಲ್ ಬಂದರೆ ಬರೆಯಲು ಸಮಯವೇ ಇರಲ್ಲ. ಈಗ ತಾನೇ ಬದಲಿಸಿದ ಸೆಟ್ಟಿಂಗ್ ಹೋಗಬಹುದು.

ಬರೀ ಕಿಲ್ ಅಂದರೆ -9 ಇಲ್ಲದೆ ಹಾಕಿದರೆ ಮೆತ್ತಗಿರುತ್ತೆ ಅಲ್ವಾ ಅಂತ ಕೇಳಬಹುದು. ಲಿನಕ್ಸ್ ಪ್ರೋಗ್ರಾಂಗೆ ಹೌದು, ಅದು ಸಿಗ್‌ಟರ್ಮ್ ಹಿಡಿದು ಕೆಲಸ ಸೇವ್ ಮಾಡಿಕೊಳ್ಳಬಹುದು. ಆದರೆ ವಿಂಡೋಸ್‌ಗಾಗಿ ಬರೆದ ಪ್ರೋಗ್ರಾಂಗೆ ಯುನಿಕ್ಸ್ ಸಿಗ್ನಲ್‌ನ ಭಾಷೆಯೇ ಗೊತ್ತಿಲ್ಲ. ಅದು ಕಾಯೋದು ಡಬ್ಲ್ಯುಎಂ_ಕ್ಲೋಸ್‌ಗೆ. ಅದಕ್ಕೇ ಮೊದಲ ಮಾತು ಯಾವಾಗಲೂ ವೈನ್ ಕಡೆಯಿಂದ ಹೋಗಬೇಕು.

ಪಿಕಿಲ್ ಬಳಸುವಾಗ ಇನ್ನೆರಡು ಎಚ್ಚರಿಕೆ. ಲಿನಕ್ಸ್ ಪ್ರೊಸೆಸ್ಸಿನ ಚಿಕ್ಕ ಹೆಸರಿನಲ್ಲಿ 15 ಅಕ್ಷರ ಮಾತ್ರ ಇಟ್ಟುಕೊಳ್ಳುತ್ತೆ. ಇಎಕ್ಸ್‌ಇ ಸೇರಿ ಹೆಸರು ಅದಕ್ಕಿಂತ ಉದ್ದ ಇದ್ದರೆ ಪೂರ್ತಿ ಹೆಸರು ಕೊಟ್ಟರೂ ಪಿಕಿಲ್‌ಗೆ ಸಿಗಲ್ಲ. -ಎಫ್ ಕೊಟ್ಟರೆ ಪೂರ್ತಿ ಕಮಾಂಡ್ ಸಾಲಿನಲ್ಲಿ ಹುಡುಕುತ್ತೆ, ಆದರೆ ಆಗ ಬೇಡದ್ದೂ ಬಲೆಗೆ ಬೀಳಬಹುದು. ಮೊದಲು ಪಿಗ್ರೆಪ್‌ನಿಂದ ಪಟ್ಟಿ ನೋಡಿ, ಆಮೇಲೆ ಪಿಕಿಲ್.

ಪ್ರತಿ ಕೆಲಸಕ್ಕೂ ಒಂದು ಪ್ರಿಫಿಕ್ಸ್

ನಾಲ್ಕನೇ ಮೆಟ್ಟಿಲು ಬಹಳ ಸುಲಭ, ಅದಕ್ಕೇ ಅಪಾಯ ಕೂಡ. ಒಂದು ಕಡೆ ಸರ್ಕ್ಯೂಟ್ ಸಿಮ್ಯುಲೇಷನ್ ರಾತ್ರಿಯೆಲ್ಲ ಓಡ್ತಾ ಇದೆ ಅಂದುಕೊಳ್ಳಿ. ಅದೇ ಪ್ರಿಫಿಕ್ಸ್‌ನಲ್ಲಿ ಒಂದು ಆಟ ಸಿಕ್ಕಿಹಾಕಿಕೊಂಡಿತು. ವೈನ್‌ಸರ್ವರ್ -ಕೆ ಹಾಕಿದರೆ ಆಟದ ಜೊತೆಗೆ ಸಿಮ್ಯುಲೇಷನ್ನೂ ಹೋಯಿತು.

ಪರಿಹಾರ ಸರಳ, ಎರಡಕ್ಕೂ ಬೇರೆ ಹಾಸ್ಟೆಲ್:

ವೈನ್‌ಪ್ರಿಫಿಕ್ಸ್=~/ಲ್ಯಾಬ್ ವೈನ್ ನೋಟ್‌ಪ್ಯಾಡ್

ಮೊದಲ ಸಲ ಓಡಿಸಿದಾಗ ಆ ಫೋಲ್ಡರ್ ತಾನಾಗೇ ತಯಾರಾಗುತ್ತೆ. ಡಿಸ್ಕ್‌ನಲ್ಲಿ ಜಾಗ ತಿನ್ನುತ್ತೆ, ನಿಜ. ಆದರೆ ಇನ್ಮೇಲೆ "ವೈನ್‌ಪ್ರಿಫಿಕ್ಸ್=~/ಲ್ಯಾಬ್ ವೈನ್‌ಸರ್ವರ್ -ಕೆ" ಅಂದರೆ ಲ್ಯಾಬ್ ಗುಂಪು ಮಾತ್ರ ನಿಲ್ಲುತ್ತೆ. ವೇರಿಯಬಲ್ ಕೊಡೋದು ಮರೆತರೆ ಕಮಾಂಡ್ ಹೋಗಿ ತಟ್ಟೋದು .ವೈನ್ ಬಾಗಿಲನ್ನ, ಅದು ನೆನಪಿರಲಿ. ಸ್ಟೀಮ್ ಕೂಡ ಪ್ರೋಟಾನ್‌ನಲ್ಲಿ ಪ್ರತಿ ಆಟಕ್ಕೂ ಬೇರೆ ಪ್ರಿಫಿಕ್ಸ್ ಮಾಡೋದು.

ಆದರೆ ಪ್ರಿಫಿಕ್ಸ್ ಅನ್ನೋದು ಜೈಲಲ್ಲ. ವೈನ್ ಒಳಗಿನ ಪ್ರೋಗ್ರಾಂ ನಮ್ಮ ಯೂಸರ್ ಹೆಸರಿನಲ್ಲೇ ಓಡುತ್ತೆ, ಝಡ್ ಡ್ರೈವ್ ಮೂಲಕ ನಮ್ಮ ಹೋಮ್ ಫೋಲ್ಡರ್ ಅದಕ್ಕೆ ಕಾಣುತ್ತೆ. ಪೆನ್‌ಡ್ರೈವ್‌ನಲ್ಲಿ ಬಂದ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ಏನೂ ಮಾಡಲ್ಲ ಅನ್ನೋ ಧೈರ್ಯ ಬೇಡ. ಸುಡೋ ಹಾಕಿ ವೈನ್ ಓಡಿಸೋದಂತೂ ಬೇಡವೇ ಬೇಡ.

ಸ್ಕ್ರಿಪ್ಟ್ ಬರೆಯುವವರಿಗೆ

ಒಂದರ ಹಿಂದೆ ಒಂದು ಇಪ್ಪತ್ತು ಸರ್ಕ್ಯೂಟ್ ಸಿಮ್ಯುಲೇಷನ್ ಓಡಿಸಬೇಕು ಅನ್ನಿ. ಎಲ್‌ಟಿಸ್ಪೈಸ್‌ಗೆ -ಬಿ ಕೊಟ್ಟರೆ ಬ್ಯಾಚ್ ರೀತಿಯಲ್ಲಿ ಓಡಿ ಫಲಿತಾಂಶವನ್ನು ಕಡತಕ್ಕೆ ಬರೆಯುತ್ತೆ. ಒಂದು ಸರ್ಕ್ಯೂಟ್ ಕನ್ವರ್ಜ್ ಆಗದೆ ನಿಂತರೆ ಉಳಿದ ಹತ್ತೊಂಬತ್ತೂ ಕಾಯಬಾರದು. ಅದಕ್ಕೆ ಪ್ರತಿ ಸಾಲಿನ ಮುಂದೆ "ಟೈಮ್‌ಔಟ್ 120" ಸೇರಿಸಿ. 120 ಸೆಕೆಂಡ್ ಮೀರಿದರೆ ನಿಲ್ಲಿಸಿ, 124 ಅನ್ನೋ ಎಕ್ಸಿಟ್ ಕೋಡ್ ಕೊಡುತ್ತೆ. ಆದರೆ ಟೈಮ್‌ಔಟ್‌ಗೆ ಗೊತ್ತಿರೋದು ತಾನು ಶುರುಮಾಡಿದ ಪ್ರೊಸೆಸ್ ಮಾತ್ರ. ಹಾಗಾಗಿ 124 ಬಂದಾಗ ಅದೇ ಪ್ರಿಫಿಕ್ಸ್‌ಗೆ ವೈನ್‌ಸರ್ವರ್ -ಕೆ ಹಾಕಿ ಸ್ವಚ್ಛ ಮಾಡಿ ಮುಂದಿನದಕ್ಕೆ ಹೋಗಿ.

ಕೆಲವು ಪ್ರೋಗ್ರಾಂಗಳ ಲಾಂಚರ್ ಅಸಲಿ ಪ್ರೋಗ್ರಾಂ ಎಬ್ಬಿಸಿ ತಾನು ಹೊರಟುಬಿಡುತ್ತೆ. ಆಗ ಕೆಲಸ ಮುಗಿಯಿತು ಅಂತ ಸ್ಕ್ರಿಪ್ಟ್ ತಪ್ಪು ತಿಳಿಯುತ್ತೆ. "ವೈನ್‌ಸರ್ವರ್ -ಡಬ್ಲ್ಯು" ಹಾಕಿದರೆ ಆ ಪ್ರಿಫಿಕ್ಸ್‌ನ ಸರ್ವರ್ ಹೊರಡುವ ತನಕ, ಅಂದರೆ ಎಲ್ಲರೂ ಹೊರಡುವ ತನಕ ಸ್ಕ್ರಿಪ್ಟ್ ಕಾಯುತ್ತೆ.

ಇದಕ್ಕಿಂತ ಗಟ್ಟಿ ಹಿಡಿತ ಬೇಕಾದರೆ ಲಿನಕ್ಸ್‌ನ ಸಿಗ್ರೂಪ್ ಇದೆ:

ಸಿಸ್ಟಮ್‌ಡಿ-ರನ್ --ಯೂಸರ್ --ಸ್ಕೋಪ್ --ಯೂನಿಟ್=ಲ್ಯಾಬ್ ವೈನ್ ನೋಟ್‌ಪ್ಯಾಡ್

ಹೀಗೆ ಓಡಿಸಿದರೆ ಅದರಿಂದ ಹುಟ್ಟಿದ್ದೆಲ್ಲ ಒಂದೇ ಸಿಗ್ರೂಪ್‌ನಲ್ಲಿರುತ್ತೆ. ಎರಡು ಸಲ ಫೋರ್ಕ್ ಮಾಡಿದರೂ ಅದರಿಂದ ತಪ್ಪಿಸಿಕೊಳ್ಳೋಕಾಗಲ್ಲ. "ಸಿಸ್ಟಮ್‌ಸಿಟಿಎಲ್ --ಯೂಸರ್ ಸ್ಟಾಪ್ ಲ್ಯಾಬ್.ಸ್ಕೋಪ್" ಅಂದರೆ ಎಲ್ಲ ನಿಲ್ಲುತ್ತೆ. ಇಲ್ಲೂ ಬೇರೆ ಪ್ರಿಫಿಕ್ಸ್ ಕೊಡೋದು ಮರೆಯಬೇಡಿ. ಯಾಕೆಂದರೆ ಈ ಸಿಗ್ರೂಪ್‌ನಲ್ಲಿ ಹುಟ್ಟಿದ ವೈನ್‌ಸರ್ವರ್ ಕೂಡ ನಿಲ್ಲುತ್ತೆ, ಹೊರಗಿನಿಂದ ಅದನ್ನೇ ಬಳಸುತ್ತಿದ್ದ ಬೇರೆ ಪ್ರೋಗ್ರಾಂಗಳೂ ಅದರ ಜೊತೆ ಬೀಳುತ್ತವೆ.

ಅಭ್ಯಾಸಕ್ಕೆ ಮೂರು ಪ್ರಶ್ನೆ

1. ನೋಟ್‌ಪ್ಯಾಡ್ ಮುಚ್ಚಿದ ಕೂಡಲೇ ಪಿಗ್ರೆಪ್‌ನಲ್ಲಿ ವೈನ್‌ಸರ್ವರ್ ಹುಡುಕಿ, ಐದು ಸೆಕೆಂಡ್ ಬಿಟ್ಟು ಮತ್ತೆ ಹುಡುಕಿ. ವ್ಯತ್ಯಾಸ ಯಾಕೆ?

2. ಎರಡು ಪ್ರಿಫಿಕ್ಸ್‌ನಲ್ಲಿ ಎರಡು ನೋಟ್‌ಪ್ಯಾಡ್ ತೆರೆಯಿರಿ. ಒಂದು ಪ್ರಿಫಿಕ್ಸ್‌ನಲ್ಲಿ ಟಾಸ್ಕ್‌ಕಿಲ್ ಹಾಕಿದರೆ ಇನ್ನೊಂದು ಯಾಕೆ ಉಳಿಯುತ್ತೆ? ಪಿಕಿಲ್ ಹಾಕಿದರೆ ಎರಡೂ ಯಾಕೆ ಹೋಗುತ್ತೆ?

3. ಸೇವ್ ಮಾಡದ ನೋಟ್‌ಪ್ಯಾಡ್ ಮೇಲೆ ಐದು ಮೆಟ್ಟಿಲನ್ನೂ ಒಂದೊಂದಾಗಿ ಪ್ರಯೋಗಿಸಿ. ಪ್ರಶ್ನೆ ಕೇಳಿದ್ದು ಯಾವುದು, ಕೇಳದೆ ಮುಚ್ಚಿದ್ದು ಯಾವುದು ಅಂತ ಪಟ್ಟಿ ಮಾಡಿ.

ಇವಿಷ್ಟನ್ನು ಮಾಡಿ ನೋಡಿದರೆ ಪ್ರೊಸೆಸ್, ಆರ್ಫನ್, ಸಿಗ್ನಲ್, ಮ್ಯೂಟೆಕ್ಸ್, ಸಾಕೆಟ್ ಎಲ್ಲವೂ ಪರೀಕ್ಷೆಯ ಡೆಫಿನಿಷನ್ ಆಗಿ ಉಳಿಯದೆ ಕಣ್ಣಿಗೆ ಕಂಡ ವಸ್ತುಗಳಾಗುತ್ತವೆ. ಇನ್ನೂ ಆಸಕ್ತಿ ಇದ್ದವರಿಗೆ ವೈನ್‌ನ ಸೋರ್ಸ್ ಕೋಡ್ ಮುಕ್ತವಾಗಿದೆ, ಸಿ ಭಾಷೆಯಲ್ಲಿದೆ. ಅದರಲ್ಲಿ ಸರ್ವರ್ ಅನ್ನೋ ಫೋಲ್ಡರಿನೊಳಗೆ ಪ್ರೊಸೆಸ್.ಸಿ, ಮ್ಯೂಟೆಕ್ಸ್.ಸಿ ಅಂತ ಕಡತಗಳಿವೆ. ಮ್ಯೂಟೆಕ್ಸ್.ಸಿ ಚಿಕ್ಕದು, ಅಲ್ಲಿಂದ ಶುರುಮಾಡಿ.